ಹಿಟಾಚಿಯ ಕೈಗೆ ಎಷ್ಟು ಬಲ?

ಇಳಕಲ್ಲಿನ ಕೆಂಪು ಗ್ರಾನೈಟ್ ಕ್ವಾರಿ ಇರಲಿ, ಗುಳೇದಗುಡ್ಡದ ಕಡೆಯ ಹೊಲ ಇರಲಿ, ಚೈನಿನ ಮೇಲೆ ತೆವಳುತ್ತ ಉದ್ದ ಕೈಯಿಂದ ಅಗೆಯುವ ಯಂತ್ರಕ್ಕೆ ನಮ್ಮ ಜನ ಇಟ್ಟ ಹೆಸರು ಒಂದೇ: ಹಿಟಾಚಿ. ಅದನ್ನು ತಯಾರಿಸಿದ ಕಂಪನಿ ಯಾವುದೇ ಆಗಿರಬಹುದು. ಗಾಲಿಯ ಮೇಲೆ ಓಡುವುದಾದರೆ ಅದು ಜೆಸಿಬಿ.

ಹಿಟಾಚಿ ಎಂಬುದು ಜಪಾನಿನ ಒಂದು ಊರು. ಅಲ್ಲಿನ ತಾಮ್ರದ ಗಣಿಯ ವಿದ್ಯುತ್ ಯಂತ್ರಗಳನ್ನು ದುರಸ್ತಿ ಮಾಡುವ ಕಾರ್ಯಾಗಾರದಿಂದ 1910ರಲ್ಲಿ ಈ ಹೆಸರಿನ ಕಂಪನಿ ಹುಟ್ಟಿತು. ಹೈಡ್ರಾಲಿಕ್ ಅಗೆಯುವ ಯಂತ್ರವನ್ನು ಅದು ಹೊರತಂದದ್ದು 1965ರಲ್ಲಿ. ಟಾಟಾ ಬಳಗದ ಟೆಲ್ಕೊ 1984ರಲ್ಲಿ ಅದರೊಡನೆ ತಾಂತ್ರಿಕ ಒಪ್ಪಂದ ಮಾಡಿಕೊಂಡಿತು. ಈಗ ನಮ್ಮ ಧಾರವಾಡದಲ್ಲೇ ಟಾಟಾ ಹಿಟಾಚಿಯ ಕಾರ್ಖಾನೆಯಿದೆ. ಗಣಿಯಿಂದ ಹೊರಟ ಹೆಸರು ಕೊನೆಗೆ ಗಣಿಗೇ ಬಂದು ಸೇರಿದೆ ಎನ್ನಬೇಕು!

ಅಮೆರಿಕದ ವಿಲಿಯಂ ಓಟಿಸ್ 1830ರ ದಶಕದಲ್ಲಿ ಉಗಿಯಿಂದ ನಡೆಯುವ ಸಲಿಕೆಯನ್ನು ಕಟ್ಟಿದ. ಬಹುಕಾಲ ಇಂಥ ಯಂತ್ರಗಳ ಕೈಯನ್ನು ಎಳೆಯುತ್ತಿದ್ದದ್ದು ಸರಪಳಿ, ಇಲ್ಲವೇ ತಂತಿಹಗ್ಗ. ಹಗ್ಗ ಎಳೆಯಬಲ್ಲದು, ನೂಕಲಾರದು. ಕೊಳವೆಯೊಳಗೆ ಒತ್ತಡದಿಂದ ಹರಿಯುವ ಎಣ್ಣೆ ಎರಡನ್ನೂ ಮಾಡುತ್ತದೆ. ಆದುದರಿಂದಲೇ ಇಂದಿನ ಯಂತ್ರ ಮನುಷ್ಯನ ಮಣಿಕಟ್ಟಿನಂತೆ ಬಕೆಟನ್ನು ತಿರುವುತ್ತದೆ.

ಮಧ್ಯಮ ಗಾತ್ರದ ಯಂತ್ರಗಳ ಹೆಸರಿನಲ್ಲಿ ಸಾಮಾನ್ಯವಾಗಿ 200 ಎಂಬ ಅಂಕಿ ಕಾಣುತ್ತದೆ. ತೂಕ ಸುಮಾರು 20 ಟನ್ ಎಂಬುದರ ಸೂಚನೆ ಅದು. ಎಂಜಿನ್ 140-150 ಅಶ್ವಶಕ್ತಿಯದು. ಬಕೆಟಿಗೆ ಹೆಚ್ಚುಕಡಿಮೆ ಒಂದು ಘನ ಮೀಟರ್ ಮಣ್ಣು ಹಿಡಿಯುತ್ತದೆ. ಆರು ಮೀಟರಿಗಿಂತ ಆಳಕ್ಕೆ ಅಗೆಯುತ್ತದೆ. ಇಷ್ಟು ಭಾರವಾದದ್ದು ಎರೆ ಹೊಲದಲ್ಲಿ ಹೂತುಹೋಗಬೇಕಲ್ಲವೇ? ಹಾಗಾಗುವುದಿಲ್ಲ. ಎರಡು ಅಗಲವಾದ ಚೈನುಗಳ ಮೇಲೆ ಭಾರ ಹಂಚಿಹೋಗಿ, ಚದರ ಸೆಂಟಿಮೀಟರಿಗೆ ಅರ್ಧ ಕಿಲೋದಷ್ಟು ಮಾತ್ರ ನೆಲವನ್ನು ಒತ್ತುತ್ತದೆ. ಎತ್ತಿನ ಗೊರಸು ಒತ್ತುವುದು ಇದಕ್ಕಿಂತ ಹೆಚ್ಚು.

ಈ ಯಂತ್ರ ಏನನ್ನಾದರೂ ಎತ್ತಬಲ್ಲದು ಎಂಬ ನಂಬಿಕೆ ಮಾತ್ರ ಅಪಾಯದ್ದು. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗುತ್ತದೆ. ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಒಂದು ಮೀಟರ್ ಎತ್ತರದ ದಿಮ್ಮಿಯಾದರೆ 12 ಟನ್ ಮೀರುತ್ತದೆ. ಕೈಯನ್ನು ಪೂರ್ತಿ ಚಾಚಿದ 20 ಟನ್ನಿನ ಯಂತ್ರ ಪಕ್ಕದಿಂದ ಎತ್ತಬಲ್ಲದ್ದು ಎರಡು-ಮೂರು ಟನ್ನಿನ ಆಸುಪಾಸು. ಇದು ತಕ್ಕಡಿಯ ಲೆಕ್ಕ. ಕೈ ದೂರ ಚಾಚಿದಷ್ಟೂ ಹಿಂದಿನ ಭಾರ ಸಾಲದಾಗುತ್ತದೆ, ಚೈನು ನೆಲ ಬಿಡುತ್ತದೆ. ಕ್ವಾರಿಯ ಅಂಚಿನಲ್ಲಿ ಹಾಗಾದರೆ ಆಪರೇಟರನ ಪ್ರಾಣಕ್ಕೇ ಸಂಚಕಾರ.

ಬಕೆಟಿನ ಹಲ್ಲುಗಳಿಗೆ ಗಟ್ಟಿ ಗ್ರಾನೈಟ್ ಜಗ್ಗುವುದೂ ಇಲ್ಲ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯನ್ನು ಕೊರೆದವರಿಗೆ ಸಿಕ್ಕಿದ್ದು ಉಳಿಗೆ ಒಲಿಯುವ ಮರಳುಗಲ್ಲು. ಇಳಕಲ್ಲಿನದು ಬೇರೆಯೇ ಜಾತಿ. ಅಲ್ಲಿ ಸಾಲಾಗಿ ರಂಧ್ರ ಕೊರೆದು ಬೆಣೆ ಹೊಡೆಯಬೇಕು, ಇಲ್ಲವೇ ವಜ್ರದ ಮಣಿ ಪೋಣಿಸಿದ ತಂತಿಯಿಂದ ಕೊಯ್ಯಬೇಕು. ಮೇಲಿನ ಗರಸು ಬಳಿಯುವುದು, ಬಿಡಿಸಿಕೊಂಡ ದಿಮ್ಮಿಯನ್ನು ನೂಕಿ ಉರುಳಿಸುವುದು ಹಿಟಾಚಿಯ ಪಾಲು. ದಿಮ್ಮಿಯನ್ನು ಲಾರಿಗೆ ಏರಿಸಲು ಕ್ರೇನೇ ಬರಬೇಕು.