ಆಶ್ರಯದ ವೆಚ್ಚ

ರಾಷ್ಟ್ರಸಂಘವು 1921ರಲ್ಲಿ ನಾರ್ವೆ ದೇಶದ ಫ್ರಿಟ್ಯೋಫ್ ನಾನ್ಸೆನ್ನರನ್ನು ನಿರಾಶ್ರಿತರ ಹೈಕಮಿಷನರನ್ನಾಗಿ ನೇಮಿಸಿದಾಗ, ಅವರ ಮುಂದಿದ್ದ ಸಮಸ್ಯೆ ಬಹುಮಟ್ಟಿಗೆ ಯುರೋಪಿನದಾಗಿದ್ದಿತು. ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯು 1951ರಲ್ಲಿ ಕಾರ್ಯಾರಂಭ ಮಾಡಿದಾಗಲೂ ಅದಕ್ಕೆ ವಿಧಿಸಲಾದ ಆಯುಷ್ಯ ಮೂರೇ ವರ್ಷ. ಆ ವರ್ಷದ ಜಿನೀವಾ ಒಡಂಬಡಿಕೆಯಾದರೋ 1951ರ ಜನವರಿ 1ಕ್ಕೆ ಹಿಂದಿನ ಘಟನೆಗಳಿಂದ ನೆಲೆಗೆಟ್ಟವರಿಗಷ್ಟೇ ಅನ್ವಯಿಸುತ್ತಿದ್ದಿತು. ಆ ಕಾಲಮಿತಿ 1967ರಲ್ಲಿ ರದ್ದಾಯಿತು. ಆದರೆ, ಶರಣು ಬಂದವನನ್ನು ಅಪಾಯದ ಬಾಯಿಗೆ ಹಿಂದಟ್ಟಕೂಡದೆಂದು ಖಂಡಿತವಾಗಿ ವಿಧಿಸಿದ ಆ ಒಡಂಬಡಿಕೆ, ಶರಣು ಕೊಟ್ಟ ದೇಶದ ವೆಚ್ಚದಲ್ಲಿ ಉಳಿದ ದೇಶಗಳ ಪಾಲೆಷ್ಟು ಎಂಬುದನ್ನು ಮಾತ್ರ ವಿಧಿಸದೆಯೇ ಬಿಟ್ಟಿತು. ಮುಂದಿನ ಪ್ರಯತ್ನಗಳೆಲ್ಲವೂ ಈ ಒಂದು ಲೋಪದ ಸುತ್ತಲೇ ಸುಳಿದಾಡಿರುವುವು.

ಒಡಂಬಡಿಕೆಗೆ ಸಹಿ ಹಾಕದ ಭಾರತ ಟಿಬೆಟಿನವರಿಗೆ ನೆಲೆಯಿತ್ತುದನ್ನು ಇಲ್ಲಿ ಸ್ಮರಿಸಬಹುದು. ಬೈಲಕುಪ್ಪೆಯಲ್ಲಿಯೂ ಅನಂತರ ಮುಂಡಗೋಡಿನಲ್ಲಿಯೂ ಅವರಿಗೆ ಸಾಗುವಳಿಗೆ ಭೂಮಿ ದೊರೆಯಿತು. ಅವರ ಪುನರ್ವಸತಿಗಾಗಿಯೇ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯು ಕಾಲಾನಂತರದಲ್ಲಿ ಸ್ಥಳೀಯ ಗ್ರಾಮಗಳ ಬಡವರತ್ತ ತಿರುಗಿ, ಸ್ವಸಹಾಯ ಸಂಘಗಳ ಚಳುವಳಿಯ ಆದ್ಯರಲ್ಲೊಂದಾಯಿತು. ಆಶ್ರಿತರಿಗೂ ಆಶ್ರಯವಿತ್ತವರಿಗೂ ಏಕಕಾಲದಲ್ಲಿ ನೆರವೆಂಬ ಇಂದಿನ ಸೂತ್ರ ಇಲ್ಲಿ ಯಾರೂ ಘೋಷಿಸದೆ, ಒಂದರ ಹಿಂದೊಂದರಂತೆ ನಡೆದುಹೋಯಿತು.

ಈ ಸೂತ್ರವನ್ನು ಅಂತಾರಾಷ್ಟ್ರೀಯ ವೇದಿಕೆಗೆ ತಂದವರು ಆಫ್ರಿಕದವರು. ಅಲ್ಲಿನ ನಿರಾಶ್ರಿತರಿಗೆ ನೆರವು ನೀಡುವ ಕುರಿತು ಜಿನೀವಾದಲ್ಲಿ 1981 ಮತ್ತು 1984ರಲ್ಲಿ ಸೇರಿದ ಸಮ್ಮೇಳನಗಳಲ್ಲಿ, ತಮ್ಮ ರಸ್ತೆ, ಶಾಲೆ, ಆಸ್ಪತ್ರೆ, ಜಲಮೂಲಗಳು ಬಂದವರ ಭಾರದಿಂದ ಸವೆಯುತ್ತಿವೆಯೆಂದೂ, ಅವುಗಳ ದುರಸ್ತಿಗೆ ಬರುವ ಹಣ ಮಾಮೂಲು ಅಭಿವೃದ್ಧಿ ನೆರವಿಗೆ ಹೆಚ್ಚುವರಿಯಾಗಿರಬೇಕೆಂದೂ ಅವರು ವಾದಿಸಿದರು. ದಾನಿಗಳು ತಲೆದೂಗಿದರು, ಹಣ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಇಥಿಯೋಪಿಯದ ಕ್ಷಾಮ ಜಗತ್ತಿನ ಗಮನವನ್ನೆಲ್ಲ ಸೆಳೆದುಕೊಂಡಿತು. ನನ್ನ ಅಭಿಪ್ರಾಯದಲ್ಲಿ, ಈ ಕ್ಷೇತ್ರದಲ್ಲಿ ಅನಂತರ ಹೊಸದೆಂದು ಹೇಳಲ್ಪಟ್ಟ ಬಹುಪಾಲು ವಿಚಾರಗಳು 1984ರಲ್ಲಿಯೇ ಮೇಜಿನ ಮೇಲಿದ್ದುವು. ಅದೇ ವರ್ಷ ಪಾಕಿಸ್ತಾನದಲ್ಲಿ ವಿಶ್ವಬ್ಯಾಂಕು ನಿರಾಶ್ರಿತರ ಕಚೇರಿಯೊಡಗೂಡಿ ಕೈಗೊಂಡ ಯೋಜನೆಯೊಂದು ಆಫ್ಘನ್ನರಿಗೂ ಸ್ಥಳೀಯರಿಗೂ ಅರಣ್ಯೀಕರಣ, ನೀರಾವರಿ, ರಸ್ತೆಗಳ ಕೆಲಸದಲ್ಲಿ ಕೂಲಿ ಒದಗಿಸಿ, ದಶಕಕ್ಕೂ ಮೀರಿ ನಡೆಯಿತು.

ಉಗಾಂಡವು ಮುಂದೆ ಬೇರೆ ದಾರಿ ಹಿಡಿಯಿತು: 1999ರ ಸ್ವಾವಲಂಬನ ನೀತಿ, 2006ರ ಕಾಯಿದೆ, ಬಂದವರಿಗೆ ತುಂಡು ಭೂಮಿ, ಸಂಚಾರ ಮತ್ತು ದುಡಿಮೆಯ ಹಕ್ಕು, ನೆರವಿನಲ್ಲಿ ಶೇಕಡಾ 30ರಷ್ಟು ಆತಿಥೇಯ ಗ್ರಾಮಗಳಿಗೆಂಬ ನಿಯಮ. ಜೋರ್ಡಾನು 2016ರಲ್ಲಿ ಸಿರಿಯನ್ನರಿಗೆ ಎರಡು ಲಕ್ಷ ಉದ್ಯೋಗಾವಕಾಶಗಳನ್ನು ಕಲ್ಪಿಸಲೊಪ್ಪಿ, ಪ್ರತಿಯಾಗಿ ಯುರೋಪಿನ ಮಾರುಕಟ್ಟೆಯಲ್ಲಿ ರಿಯಾಯಿತಿ ಪಡೆಯಿತು. ಆದರೆ ಹಲವು ವೃತ್ತಿಗಳ ಬಾಗಿಲು ಮುಚ್ಚಿಯೇ ಇದ್ದು, ಹೆಂಗಸರ ಕೈಗೆ ಬಂದ ಪರವಾನಗಿಗಳು ತೀರ ವಿರಳವಾದುವು. ವಿಶ್ವಬ್ಯಾಂಕು 2017ರಿಂದ ಬಡ ಆತಿಥೇಯ ದೇಶಗಳಿಗೆಂದು 200 ಕೋಟಿ ಡಾಲರುಗಳನ್ನು ಮೀಸಲಿಟ್ಟಿತಾದರೂ, ಸಾಲಸಂಕಟದ ಅಂಚಿನಲ್ಲಿದ್ದ ದೇಶಗಳನ್ನು ಬಿಟ್ಟರೆ ಉಳಿದವಕ್ಕೆ ಅದರಲ್ಲಿ ಅರ್ಧಭಾಗ ಸಾಲವೇ. ಊರಿನ ಅತಿಥಿಗೆ ಉಣಬಡಿಸಲು ಬಾಗಿಲ ಬಳಿಯ ಬಡವನಿಗೇ ಕೈಗಡ ಕೊಟ್ಟು, ಅದನ್ನು ಔದಾರ್ಯವೆಂದು ಕರೆಯುವ ಪದ್ಧತಿ ನನಗೆ ರುಚಿಸದು.

ವಿಶ್ವಸಂಸ್ಥೆಯ ಮಹಾಸಭೆ 2018ರ ಡಿಸೆಂಬರಿನಲ್ಲಿ ಅಂಗೀಕರಿಸಿದ ಜಾಗತಿಕ ಒಪ್ಪಂದವು ಹೊಣೆಯ ಹಂಚಿಕೆಯನ್ನೇ ಮುಖ್ಯ ವಿಷಯವನ್ನಾಗಿ ಮಾಡಿಕೊಂಡಿತು. ಕಾನೂನಿನ ಬಂಧನ ಅದಕ್ಕಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಸೇರುವ ವೇದಿಕೆಯಲ್ಲಿ ರಾಷ್ಟ್ರಗಳು ವಾಗ್ದಾನ ಮಾಡುವುವು, ಪಾಲಿಸುವುದೂ ಬಿಡುವುದೂ ಅವುಗಳ ಇಚ್ಛೆ. ಅಂತಹ ವೇದಿಕೆ ಎರಡನೆಯ ಬಾರಿ ಸೇರಿದ 2023ರಲ್ಲಿಯೇ, ಬಾಂಗ್ಲಾದೇಶದ ಕಾಕ್ಸ್ ಬಜಾರಿನ ಶಿಬಿರಗಳಲ್ಲಿ ರೋಹಿಂಗ್ಯಾ ನಿರಾಶ್ರಿತನೊಬ್ಬನ ತಿಂಗಳ ಆಹಾರದ ಪಡಿ, ಹಣವಿಲ್ಲವೆಂಬ ಕಾರಣದಿಂದ, 12 ಡಾಲರಿನಿಂದ ಮೊದಲು 10ಕ್ಕೂ ಬಳಿಕ 8ಕ್ಕೂ ಇಳಿಯಿತು. ಮರುವರ್ಷ ಅದನ್ನು ಏರಿಸಲಾಯಿತು. ಶಿಬಿರದಿಂದ ಹೊರಗೆ ಹೋಗಿ ದುಡಿಯುವ ಹಕ್ಕು ಮಾತ್ರ ಅವನಿಗೆ ಆಗಲೂ ದೊರೆಯಲಿಲ್ಲ.