ಸವೆಯಲೆಂದೇ ಹುಟ್ಟಿದ ಗಾಡಿಗಳು

ಹಳೆಯ ವಾಹನಗಳನ್ನು ಕಾಪಾಡುವುದು ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಅರಮನೆಯ ಷೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತ ಕಾರು. ವರ್ಷಕ್ಕೊಮ್ಮೆ ಮೆರವಣಿಗೆಗೆ ಹೊರಟು, ಮಳೆಹನಿ ಬೀಳುವ ಮೊದಲೇ ಮನೆ ಸೇರುವ ಗಾಡಿ ಅದು. ಅಂಥದ್ದನ್ನು ಉಳಿಸುವುದು ಖರ್ಚಿನ ಬಾಬತ್ತು ನಿಜ. ಆದರೆ ಹುಟ್ಟಿದಂದಿನಿಂದ ಜತನದಲ್ಲೇ ಬಾಳಿದ ವಸ್ತುವನ್ನು ಇನ್ನಷ್ಟು ಕಾಲ ಜತನ ಮಾಡುವುದರಲ್ಲಿ ದೊಡ್ಡ ಗೊಂದಲವೇನಿಲ್ಲ. ಕಲ್ಲಿಗೆ ಬಡಿಯಲೆಂದು, ಕೆಸರಿನಲ್ಲಿ ಹೂತುಕೊಳ್ಳಲೆಂದು, ಕೆಲವು ವರ್ಷಗಳ ಭಾನುವಾರಗಳಲ್ಲಿ ಸವೆದು ಮುಗಿಯಲೆಂದೇ ತಯಾರಾದ ಯಂತ್ರವನ್ನು ಕಾಪಾಡುವುದು ಹೇಗೆ?

ಬ್ರಿಟನ್ನಿನ ಹಳೆಯ ಗುಡ್ಡಗಾಡು ಮೋಟಾರ್ ಸೈಕಲ್‌ಗಳನ್ನು ಸಂಗ್ರಹಿಸುವವರ ಮುಂದಿರುವ ಪ್ರಶ್ನೆ ಇದು. ಮೇಲುನೋಟಕ್ಕೆ ಇದು ಕೆಲವರ ಹವ್ಯಾಸದ ಮಾತಿನಂತೆ ಕಂಡೀತು. ಒಂದು ವಸ್ತುವನ್ನು ಉಳಿಸುವುದೆಂದರೆ ನಿಜವಾಗಿ ಏನನ್ನು ಉಳಿಸುವುದು ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಎಣ್ಣೆ, ಕಬ್ಬಿಣಗಳ ರೂಪ ತಾಳಿ ನಿಂತಿದೆ.

ಎರಡು ಆಟಗಳು

ರಸ್ತೆ ಬಿಟ್ಟು ಮೋಟಾರ್ ಸೈಕಲ್ ಓಡಿಸುವ ಆಟಗಳು ಬ್ರಿಟನ್ನಿನಲ್ಲಿ ಎರಡು ಬಗೆಯಾಗಿ ಬೆಳೆದವು. ಮೊದಲನೆಯದು ಟ್ರಯಲ್. ಇಲ್ಲಿ ವೇಗಕ್ಕಿಂತ ಹದ ಮುಖ್ಯ. ತೊರೆಯ ಬಂಡೆಗಳ ಮೇಲೆ, ಜಾರುವ ಇಳಿಜಾರಿನಲ್ಲಿ, ಮರದ ಬೇರುಗಳ ನಡುವೆ ಕಾಲನ್ನು ನೆಲಕ್ಕೆ ತಾಗಿಸದೆ ಗಾಡಿ ನಡೆಸಬೇಕು. 1950–60ರ ದಶಕಗಳ ಲೆಕ್ಕದಲ್ಲಿ ಒಮ್ಮೆ ಕಾಲೂರಿದರೆ ಒಂದು ಅಂಕ ದಂಡ, ಮತ್ತೆ ಮತ್ತೆ ಊರಿದರೆ ಮೂರು, ನಿಂತೇಹೋದರೆ ಐದು. ಕಡಿಮೆ ದಂಡ ತೆತ್ತವನೇ ಗೆದ್ದವನು. ಯಾರ್ಕ್‌ಷೈರಿನ ಮೋಟಾರ್ ಸೈಕಲ್ ತಯಾರಕ ಆಲ್ಫ್ರೆಡ್ ಆಂಗಸ್ ಸ್ಕಾಟ್ ತನ್ನ ಕಾರ್ಖಾನೆಯ ಕೆಲಸಗಾರರಿಗೆಂದು 1914ರಲ್ಲಿ ಏರ್ಪಡಿಸಿದ ಸ್ಪರ್ಧೆ ಇಂದಿಗೂ ಅವನ ಹೆಸರಿನಲ್ಲೇ ನಡೆಯುತ್ತಿದೆ. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ 1911ರಿಂದ ಆರು ದಿನಗಳ ಟ್ರಯಲ್ ನಡೆದುಬಂದಿದೆ.

ಎರಡನೆಯದು ಸ್ಕ್ರಾಂಬಲ್. ಕೈಕಾಲು ಊರಿಕೊಂಡು, ಎದ್ದುಬಿದ್ದು ಗುಡ್ಡ ಹತ್ತುವುದಕ್ಕೆ ಇಂಗ್ಲಿಷಿನಲ್ಲಿ ಇರುವ ಮಾತು ಅದು. 1924ರ ಮಾರ್ಚ್ 29ರಂದು ಸರ್ರೆಯ ಕ್ಯಾಂಬರ್ಲಿಯಲ್ಲಿ ಇಂಥ ಮೊದಲ ಓಟ ನಡೆಯಿತು. ಗೆದ್ದವನು ಆರ್ಥರ್ ಸ್ಪಾರ್ಕ್ಸ್. ಎಲ್ಲರೂ ಒಟ್ಟಿಗೆ ಹೊರಟು ಕೆಸರು, ಗುಡ್ಡ, ಹಳ್ಳಗಳನ್ನು ಹಾದು ಮೊದಲು ಗುರಿ ಮುಟ್ಟಬೇಕು, ಅಷ್ಟೇ. ಮುಂದೆ ಇದನ್ನೇ ಯೂರೋಪು ಮೋಟೋಕ್ರಾಸ್ ಎಂದು ಕರೆಯಿತು. 1952ರಲ್ಲಿ ಯೂರೋಪಿಯನ್ ಚಾಂಪಿಯನ್‌ಷಿಪ್, 1957ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಆರಂಭವಾದವು.

ಈ ಎರಡು ಆಟಗಳ ನಡುವೆ ಸಣ್ಣದೊಂದು ವ್ಯತ್ಯಾಸವಿದೆ. ಮುಂದೆ ಅದು ನಮಗೆ ಬೇಕಾಗುತ್ತದೆ. ಟ್ರಯಲ್ ಸ್ಪರ್ಧಿ ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ ಹೋಗುವಾಗ ಸಾರ್ವಜನಿಕ ರಸ್ತೆಯಲ್ಲಿ ಸಾಗಬೇಕು. ಹಾಗಾಗಿ ಅವನ ಗಾಡಿಗೆ ನೋಂದಣಿ ಸಂಖ್ಯೆ ಬೇಕು. ಸ್ಕ್ರಾಂಬಲ್ ಗಾಡಿ ರಸ್ತೆಗೆ ಇಳಿಯುವುದೇ ಇಲ್ಲ. ಅದಕ್ಕೆ ನಂಬರ್ ಪ್ಲೇಟೂ ಇಲ್ಲ, ಕಾಗದಪತ್ರವೂ ಇಲ್ಲ.

ಕೊಟ್ಟಿಗೆಯ ಜಾಣ್ಮೆ

ಎರಡನೇ ಮಹಾಯುದ್ಧ ಮುಗಿದ ಮೇಲಿನ ಇಪ್ಪತ್ತು ವರ್ಷಗಳು ಈ ಗಾಡಿಗಳ ಉಚ್ಛ್ರಾಯದ ಕಾಲ. ಸೈನ್ಯ ಮಾರಿದ ಮೋಟಾರ್ ಸೈಕಲ್‌ಗಳು ಅಗ್ಗವಾಗಿ ಸಿಗುತ್ತಿದ್ದವು. ಯುದ್ಧದಲ್ಲಿ ಕಲಿತ ಕೈಕೆಲಸವೂ ಇತ್ತು. 1948ರಲ್ಲಿ ಇಟಲಿಯ ಸ್ಯಾನ್ ರೆಮೊದಲ್ಲಿ ನಡೆದ ಅಂತಾರಾಷ್ಟ್ರೀಯ ಆರು ದಿನಗಳ ಸ್ಪರ್ಧೆಯನ್ನು ಬ್ರಿಟನ್ ಗೆದ್ದಾಗ, ಆ ಗೆಲುವಿನ ನೆನಪಿಗೆ ಟ್ರಯಂಫ್ ಕಂಪನಿ 'ಟ್ರೋಫಿ' ಎಂಬ ಗಾಡಿ ಹೊರತಂದಿತು. ಅದರ ಎಂಜಿನ್ನಿನ ಅಲ್ಯೂಮಿನಿಯಂ ಬ್ಯಾರೆಲ್, ಯುದ್ಧಕಾಲದಲ್ಲಿ ವಾಯುಪಡೆಗೆಂದು ತಯಾರಾಗಿದ್ದ ಜನರೇಟರಿನಿಂದ ಬಂದದ್ದು.

ಗೆದ್ದ ಆ ತಂಡದಲ್ಲಿ ಎರಡು ರಾಯಲ್ ಎನ್‌ಫೀಲ್ಡ್ ಬುಲೆಟ್‌ಗಳೂ ಇದ್ದವು. ಹಿಂದಿನ ಚಕ್ರಕ್ಕೆ ಸ್ಪ್ರಿಂಗ್ ಇದ್ದರೆ ಟ್ರಯಲ್‌ಗೆ ಗಾಡಿ ಒದಗದು ಎಂದು ಪಳಗಿದವರೆಲ್ಲ ನಂಬಿದ್ದ ಕಾಲದಲ್ಲಿ, ಸ್ಪ್ರಿಂಗ್ ಹೊತ್ತ ಬುಲೆಟ್ ಚಿನ್ನದ ಪದಕಗಳೊಂದಿಗೆ ಮರಳಿತು. 1952ರಲ್ಲಿ ಜಾನಿ ಬ್ರಿಟನ್ ರಾಯಲ್ ಎನ್‌ಫೀಲ್ಡ್ ಏರಿ ಸ್ಕಾಟ್ಲೆಂಡಿನ ಆರು ದಿನಗಳನ್ನು ಗೆದ್ದ ಮೇಲೆ ಆ ವಾದ ಮುಗಿದಂತೆಯೇ.

ಗ್ರೀವ್ಸ್ ಗಾಡಿಯ ಹುಟ್ಟು ಇನ್ನೂ ಸ್ವಾರಸ್ಯದ್ದು. ಓಡಾಡಲಾಗದ ತನ್ನ ಸೋದರಸಂಬಂಧಿ ಡೆರಿ ಪ್ರೆಸ್ಟನ್ ಕಾಬ್‌ನ ಗಾಲಿಕುರ್ಚಿಗೆ ಬರ್ಟ್ ಗ್ರೀವ್ಸ್ ಒಂದು ಎಂಜಿನ್ ಜೋಡಿಸಿಕೊಟ್ಟ. ಅದರಿಂದ ಅಂಗವಿಕಲರ ಮೂರು ಚಕ್ರದ ವಾಹನ ತಯಾರಿಸುವ ಕಂಪನಿ ಬೆಳೆಯಿತು. ಆ ಕಂಪನಿಯಿಂದ ಮೋಟಾರ್ ಸೈಕಲ್ ಬಂತು. ಕುಲುಕಾಟ ತಾಳಲು ತಿರುಚಿದ ರಬ್ಬರ್ ಬಳಸುವ ವಿಧಾನವೂ ಮೂರು ಚಕ್ರದ ಗಾಡಿಯಿಂದಲೇ ಬಂದದ್ದು. ಈ ಗಾಡಿಯ ಮೇಲೆ ಡೇವ್ ಬಿಕರ್ಸ್ 1960 ಮತ್ತು 1961ರಲ್ಲಿ 250 ಸಿಸಿ ಯೂರೋಪಿಯನ್ ಚಾಂಪಿಯನ್ ಆದ.

ಹ್ಯಾಂಪ್‌ಷೈರಿನ ನ್ಯೂ ಮಿಲ್ಟನ್ನಿನ ಡೆರೆಕ್ ಮತ್ತು ಡಾನ್ ರಿಕ್‌ಮನ್ ಸೋದರರು ಒಂದು ಕಂಪನಿಯ ಎಂಜಿನ್, ಮತ್ತೊಂದರ ಗೇರ್‌ಬಾಕ್ಸ್, ಇನ್ನೊಂದರ ಫೋರ್ಕ್ ಸೇರಿಸಿ ಗಾಡಿ ಕಟ್ಟಿದರು. ಅದಕ್ಕವರು ಇಟ್ಟ ಹೆಸರು 'ಮೆಟಿಸ್'. ಫ್ರೆಂಚಿನಲ್ಲಿ ಬೆರಕೆಯವಳು ಎಂದರ್ಥ. ಮುಂದೆ ಅವರೇ ನಿಕ್ಕಲ್ ಲೇಪಿಸಿದ ಕೊಳವೆಗಳಿಂದ ಚೌಕಟ್ಟು ಮಾಡಿ, ಎಂಜಿನ್ ಆಯಿಲನ್ನೂ ಆ ಕೊಳವೆಗಳೊಳಗೇ ತುಂಬಿಸಿದರು. ಚಳಿಗಾಲದ ಶನಿವಾರಗಳಂದು ಬಿಬಿಸಿ ಟೆಲಿವಿಷನ್ ಸ್ಕ್ರಾಂಬಲ್‌ಗಳನ್ನು ತೋರಿಸತೊಡಗಿದಾಗ ಕೆಸರು ಮೆತ್ತಿದ ಈ ಸವಾರರು ಮನೆಮಾತಾದರು. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಗಾಡಿಯ ಮೇಲೆ ಜೆಫ್ ಸ್ಮಿತ್ 1964 ಮತ್ತು 1965ರಲ್ಲಿ 500 ಸಿಸಿ ವಿಶ್ವ ಚಾಂಪಿಯನ್ ಆದ.

ಗುಜರಿಯ ದಾರಿ

ಉತ್ತುಂಗ ಮತ್ತು ಇಳಿಗಾಲ ಎರಡೂ ಒಂದೇ ವರ್ಷದಲ್ಲಿ ಬಂದವು. ಏರಿಯಲ್ ಕಂಪನಿ 1959ರಲ್ಲೇ ನಾಲ್ಕು ಸ್ಟ್ರೋಕಿನ ಗಾಡಿಗಳ ತಯಾರಿಕೆ ನಿಲ್ಲಿಸಿದ್ದರೂ, ಬೆಲ್‌ಫಾಸ್ಟಿನ ಸ್ಯಾಮಿ ಮಿಲ್ಲರ್ ತನ್ನ 500 ಸಿಸಿ ಏರಿಯಲ್ಲಿನ ತೂಕವನ್ನು ಬಿಡಿಭಾಗ ಬಿಡಿಭಾಗವಾಗಿ ಇಳಿಸುತ್ತ ಗೆಲ್ಲುತ್ತಲೇ ಇದ್ದ. 1964ರ ಕೊನೆಗೆ ಅವನೂ ಅದನ್ನು ಬಿಟ್ಟು ಸ್ಪೇನಿನ ಬುಲ್ಟಾಕೊ ಎಂಬ ಹಗುರವಾದ ಎರಡು ಸ್ಟ್ರೋಕಿನ ಗಾಡಿ ಹಿಡಿದ. 1965ರಲ್ಲಿ ಅದರ ಮೇಲೆಯೇ ಸ್ಕಾಟ್ಲೆಂಡಿನ ಆರು ದಿನಗಳನ್ನು ಗೆದ್ದ. 1966ರಲ್ಲಿ ಮೋಟೋಕ್ರಾಸ್ ಕಿರೀಟ ಜೆಕೊಸ್ಲೊವಾಕಿಯದ ಸಿಜೆಡ್ ಗಾಡಿಗೆ ಹೋಯಿತು. ಬಿಎಸ್‌ಎ ತೂಕ ಇಳಿಸಲು ಟೈಟಾನಿಯಂ ಚೌಕಟ್ಟು ಮಾಡಿ ನೋಡಿತು. ಆ ಲೋಹ ಬಿರುಕುಬಿಟ್ಟರೆ ಮೈದಾನದಲ್ಲಿ ಬೆಸುಗೆ ಹಾಕುವಂತಿರಲಿಲ್ಲ. ರಾಯಲ್ ಎನ್‌ಫೀಲ್ಡ್ 1970ರಲ್ಲಿ ಬಾಗಿಲು ಹಾಕಿತು. ಬಿಎಸ್‌ಎ 1971ರಲ್ಲಿ ಸ್ಪರ್ಧಾ ವಿಭಾಗವನ್ನು ಮುಚ್ಚಿತು. ಅದರ ಬಿಡಿಭಾಗಗಳನ್ನು ಕೊಂಡ ಬೋಲ್ಟನ್ನಿನ ಆಲನ್ ಕ್ಲೂಸ್, ಅದರಿಂದಲೇ ಸಿಸಿಎಂ ಎಂಬ ಹೊಸ ಗಾಡಿ ಶುರುಮಾಡಿದ.

ಈ ಹೊತ್ತಿಗೆ ಹಳೆಯ ಗಾಡಿಗಳ ಬೆಲೆ ಗುಜರಿಯ ಬೆಲೆ. ಒಳ್ಳೆಯ ಎಂಜಿನ್ ಇದ್ದರೆ ಅದು ಇನ್ನೊಂದು ಚೌಕಟ್ಟಿಗೆ ಹೋಗುತ್ತಿತ್ತು. ಚೌಕಟ್ಟನ್ನು ಕತ್ತರಿಸಿ, ಮತ್ತೆ ಬೆಸೆದು, ಮುರಿದ ಮೇಲೆ ಎಸೆಯುತ್ತಿದ್ದರು. ಹೆಚ್ಚು ಗೆದ್ದ ಗಾಡಿಯೇ ಹೆಚ್ಚು ಸವೆದ ಗಾಡಿ. ಸೋತು ಮೂಲೆ ಸೇರಿದ್ದೇ ಇಡಿಯಾಗಿ ಉಳಿದದ್ದು. ಸಂಗ್ರಾಹಕರ ಮೊದಲ ಇಕ್ಕಟ್ಟು ಇದು: ಚರಿತ್ರೆ ಯಾವ ಗಾಡಿಗೆ ಇದೆಯೋ ಅದರ ಮೈಯೇ ಉಳಿದಿಲ್ಲ.

ಇವನ್ನು ಉಳಿಸಲು ಮುಂದಾದವರು ಸರ್ಕಾರದವರಲ್ಲ, ಕಂಪನಿಯವರೂ ಅಲ್ಲ, ಸಾಮಾನ್ಯ ಸವಾರರು. ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ 1946ರಲ್ಲೇ ಹುಟ್ಟಿತ್ತು. 1970–80ರ ದಶಕಗಳಲ್ಲಿ '1965ಕ್ಕೆ ಮುಂಚಿನ ಗಾಡಿಗಳು' ಎಂಬ ಸ್ಪರ್ಧಾ ವರ್ಗವೇ ಬೆಳೆದುಬಂತು. ಸ್ಕಾಟ್ಲೆಂಡಿನ ಕಿನ್‌ಲಾಕ್‌ಲೆವೆನ್ನಿನಲ್ಲಿ 1984ರಲ್ಲಿ ಇವುಗಳದ್ದೇ ಪ್ರತ್ಯೇಕ ಟ್ರಯಲ್ ಆರಂಭವಾಯಿತು. ಸ್ಯಾಮಿ ಮಿಲ್ಲರ್ ನ್ಯೂ ಮಿಲ್ಟನ್ ಬಳಿ ಮ್ಯೂಸಿಯಂ ಕಟ್ಟಿದ. 'ಜಿಒವಿ 132' ಎಂಬ ನಂಬರಿನ ಅವನ ಹಳೆಯ ಏರಿಯಲ್ ಮರಳಿ ಬಂದು ಅಲ್ಲಿ ನಿಂತಿದೆ.

ತೇರು ಯಾವುದು, ಮರ ಯಾವುದು?

ಆ ನಂಬರನ್ನು ಬ್ರಿಟನ್ನಿನ ಟ್ರಯಲ್ ಪ್ರೇಮಿಗಳು ಮನುಷ್ಯನ ಹೆಸರಿನಂತೆ ನೆನೆಯುತ್ತಾರೆ. ಅಲ್ಲಿ ವಾಹನದ ನಂಬರ್ ಸಾಮಾನ್ಯವಾಗಿ ಅದರ ಆಯುಷ್ಯವಿಡೀ ಅದರೊಡನೆಯೇ ಇರುತ್ತದೆ. ನಮ್ಮ ಆರ್.ಸಿ. ಪುಸ್ತಕದಂತೆ ಅಲ್ಲಿ ಲಾಗ್ ಬುಕ್ ಇತ್ತು. ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸಲು 1983ರ ಗಡುವು ಬಂದಾಗ, ಷೆಡ್ಡಿನ ಮೂಲೆಯಲ್ಲಿ ಮರೆತುಹೋಗಿದ್ದ ಎಷ್ಟೋ ಗಾಡಿಗಳು ನಂಬರ್ ಕಳೆದುಕೊಂಡವು. ಆಮೇಲೆ ಕ್ಲಬ್ಬುಗಳ ಶಿಫಾರಸಿನ ಮೇಲೆ ಅದನ್ನು ಮರಳಿ ಪಡೆಯುವ ಏರ್ಪಾಡಾಯಿತು. ಮುಚ್ಚಿಹೋದ ಕಾರ್ಖಾನೆಗಳ ರವಾನೆ ಪುಸ್ತಕಗಳನ್ನು ವಿಂಟೇಜ್ ಕ್ಲಬ್ ಜೋಪಾನ ಮಾಡಿ, ಯಾವ ಎಂಜಿನ್ ಯಾವ ಚೌಕಟ್ಟಿನೊಂದಿಗೆ ಯಾವಾಗ ಹೊರಟಿತೆಂದು ಪ್ರಮಾಣಪತ್ರ ಕೊಡುತ್ತದೆ. ಕಬ್ಬಿಣಕ್ಕಿಂತ ಕಾಗದವೇ ಹೆಚ್ಚು ಬೆಲೆಬಾಳುವ ಸಂದರ್ಭಗಳೂ ಉಂಟು.

ಸ್ಕ್ರಾಂಬಲ್ ಗಾಡಿಗೆ ಈ ಆಸರೆ ಇಲ್ಲ. ಚೌಕಟ್ಟಿನ ಮೇಲೆ ಅಚ್ಚೊತ್ತಿದ ಸಂಖ್ಯೆ, ಒಂದೆರಡು ಫೋಟೋ, ಹಳೆಯ ಸವಾರರ ನೆನಪು — ಇಷ್ಟೇ ಸಾಕ್ಷಿ. ಸಂಖ್ಯೆಯನ್ನು ಯಾರು ಬೇಕಾದರೂ ಅಚ್ಚೊತ್ತಬಹುದು. ಬೆಲೆ ಏರಿದಷ್ಟೂ 'ಚಾಂಪಿಯನ್ ಓಡಿಸಿದ ಗಾಡಿ'ಗಳು ಹೆಚ್ಚುವ ಅಪಾಯ ಎಲ್ಲಿಯೂ ಇದ್ದದ್ದೇ.

ನಮ್ಮೂರ ತೇರನ್ನು ನೆನೆಯಿರಿ. ಚಕ್ರ ಬದಲಾಗಿದೆ, ಅಚ್ಚು ಬದಲಾಗಿದೆ, ಹಲಗೆಗಳು ಒಂದೊಂದಾಗಿ ಬದಲಾಗಿವೆ. ಆದರೂ ಅದು ಅದೇ ತೇರು. ಪ್ರತಿ ವರ್ಷ ಅದೇ ಬೀದಿಯಲ್ಲಿ ಎಳೆಯುವುದರಿಂದ ಅದು ಅದೇ ತೇರಾಗಿ ಉಳಿದಿದೆ. 1965ಕ್ಕೆ ಮುಂಚಿನ ಗಾಡಿಗಳನ್ನು ಓಡಿಸುವವರ ವಾದವೂ ಹೀಗೆಯೇ: ಓಡುವುದು ನಿಂತರೆ ಗಾಡಿ ಸತ್ತಂತೆ. ಈ ವಾದ ಒಪ್ಪತಕ್ಕದ್ದು. ಅದಕ್ಕೊಂದು ಬೆಲೆಯೂ ಇದೆ. ಗೆಲ್ಲುವ ಹಟಕ್ಕೆ ಬಿದ್ದವರು ಹಳೆಯ ಟ್ಯಾಂಕಿನ ಕೆಳಗೆ ಹೊಸ ಹಗುರಲೋಹದ ಭಾಗ, ಹಳೆಯ ಫೋರ್ಕಿನೊಳಗೆ ಹೊಸ ಯಂತ್ರಾಂಶ ಅಡಗಿಸುತ್ತಾರೆ. ಹೊರಗೆ 1960, ಒಳಗೆ ಇಂದು. ತೇರಿಗೆ ಹಲಗೆ ಬದಲಿಸುವುದು ಬೇರೆ, ಅದರೊಳಗೆ ಮೋಟಾರ್ ಕೂರಿಸುವುದು ಬೇರೆ. ಎಲ್ಲಿ ಗೆರೆ ಎಳೆಯಬೇಕೆಂಬ ಜಗಳ ಸಂಘಟಕರಿಗೂ ಸ್ಪರ್ಧಿಗಳಿಗೂ ಮುಗಿದೇ ಇಲ್ಲ.

ಓಡಿಸದೆ ಮ್ಯೂಸಿಯಮ್ಮಿನಲ್ಲಿ ಇಟ್ಟುಬಿಟ್ಟರಾಯಿತಲ್ಲ ಎನ್ನಬಹುದು. 2003ರ ಸೆಪ್ಟೆಂಬರ್ 16ರಂದು ಬರ್ಮಿಂಗ್‌ಹ್ಯಾಮ್ ಬಳಿಯ ನ್ಯಾಷನಲ್ ಮೋಟಾರ್ ಸೈಕಲ್ ಮ್ಯೂಸಿಯಂಗೆ ಬೆಂಕಿ ಬಿತ್ತು. ಸುಮಾರು 380 ಮೋಟಾರ್ ಸೈಕಲ್‌ಗಳು ಒಂದೇ ಸಂಜೆಗೆ ಸುಟ್ಟವು. ಮರುವರ್ಷವೇ ಮ್ಯೂಸಿಯಂ ಬಾಗಿಲು ತೆರೆಯಿತು. ಸುಟ್ಟ ಎಷ್ಟೋ ಗಾಡಿಗಳನ್ನು ಮತ್ತೆ ಕಟ್ಟಲಾಯಿತು. ಕಟ್ಟಲು ಸಾಧ್ಯವಾದದ್ದು ಹೊರಗೆ, ಸಣ್ಣ ಸಣ್ಣ ಷೆಡ್ಡುಗಳಲ್ಲಿ, ಆ ಕೆಲಸ ಬಲ್ಲ ಕೈಗಳು ಇದ್ದುದರಿಂದ. ಎಲ್ಲವನ್ನೂ ಒಂದೇ ಸೂರಿನಡಿ ಕೂಡಿಡುವುದಕ್ಕಿಂತ ನೂರು ಮನೆಗಳಲ್ಲಿ ಹಂಚಿಡುವುದು ಕೆಲವೊಮ್ಮೆ ಹೆಚ್ಚು ಭದ್ರ ಎಂಬ ಪಾಠವೂ ಇದರಲ್ಲಿದೆ.

ಸುಮ್ಮನೆ ನಿಂತ ಗಾಡಿಯೂ ಕೆಡುತ್ತದೆ. ಕೆಲವು ಸ್ಪರ್ಧಾ ಗಾಡಿಗಳ ಮೆಗ್ನೀಸಿಯಂ ಭಾಗಗಳು ತೇವ ತಾಗಿ ಪುಡಿಯಾಗುತ್ತವೆ. ಮ್ಯಾಗ್ನೆಟೊದ ಸುರುಳಿಗೆ ಬಳಿದ ಅರಗು ಬಿಸಿಗೆ ಮೆತ್ತಗಾಗಿ ಕಿಡಿ ನಿಲ್ಲುತ್ತದೆ. 2021ರಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡ 10ರವರೆಗೆ ಎಥನಾಲ್ ಬೆರೆಸಲಾಗುತ್ತಿದೆ. 1960ರ ದಶಕದ ಫೈಬರ್‌ಗ್ಲಾಸ್ ಟ್ಯಾಂಕುಗಳನ್ನು ಅದು ಒಳಗಿನಿಂದ ಕರಗಿಸುತ್ತದೆ. ಇವೆಲ್ಲಕ್ಕೂ ಮದ್ದು ಬಲ್ಲವರಿದ್ದಾರೆ. ಆದರೆ ಆ ತಲೆಮಾರಿಗೆ ವಯಸ್ಸಾಗುತ್ತಿದೆ.

ಈ ಕಥೆಯ ಒಂದು ಎಳೆ ನಮ್ಮವರೆಗೂ ಬರುತ್ತದೆ. 1950ರ ದಶಕದ ಮೊದಲ ಭಾಗದಲ್ಲಿ ಭಾರತದ ಸೈನ್ಯ ಬುಲೆಟ್‌ಗಳಿಗೆ ಬೇಡಿಕೆ ಇಟ್ಟಿತು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ತವರಿನಲ್ಲಿ ಕಂಪನಿ ಮುಚ್ಚಿದ ಮೇಲೂ ಇಲ್ಲಿ ಬುಲೆಟ್ ತಯಾರಾಗುತ್ತಲೇ ಇತ್ತು. 1970ರ ದಶಕದ ಕೊನೆಗೆ ಇಂಗ್ಲೆಂಡಿಗೇ ರಫ್ತಾಗತೊಡಗಿತು. ಪೊಲೀಸ್ ಠಾಣೆಯ ಮುಂದೆ, ಹಾಲಿನ ಕ್ಯಾನು ಹೊತ್ತ ಹಳ್ಳಿ ದಾರಿಯಲ್ಲಿ ನಾವು ದಿನವೂ ಕೇಳುತ್ತಿದ್ದ ಆ ಸದ್ದು, ಸ್ಯಾನ್ ರೆಮೊದಲ್ಲಿ ಪದಕ ತಂದ ಗಾಡಿಯ ವಂಶದ್ದು. ಇಲ್ಲಿ ಯಾರೂ ಅದನ್ನು ಕಾಪಾಡಬೇಕೆಂದು ಹೊರಟಿರಲಿಲ್ಲ. ಬಳಸಿದರು, ಕೆಟ್ಟಾಗ ರಿಪೇರಿ ಮಾಡಿದರು. ಗಾಡಿಯ ಜೊತೆಗೆ ಅದನ್ನು ಬಿಚ್ಚಿ ಜೋಡಿಸುವ ವಿದ್ಯೆಯೂ ಉಳಿಯಿತು.

ಹಳೆಯ ಸ್ಕ್ರಾಂಬಲ್ ಗಾಡಿಯೊಂದು ಕೈಗೆ ಬಂದಾಗ ಅದರ ತಗ್ಗುಗಳನ್ನು ತಟ್ಟಿ ಸರಿಮಾಡಿ, ಕಾರ್ಖಾನೆಯಲ್ಲೂ ಇಲ್ಲದಿದ್ದ ಹೊಳಪು ಕೊಡುವವರು ಇಂದಿಗೂ ಬಹಳ. ಅನುಭವಿಗಳು ಮೊದಲು ಫೋಟೋ ತೆಗೆಯುತ್ತಾರೆ. ಕಲ್ಲು ಬಡಿದ ಗುರುತು, ಸವಾರನ ಬೂಟು ಸವೆಸಿದ ಬಣ್ಣ, ಯಾರೋ ಅವಸರದಲ್ಲಿ ಹಾಕಿದ ಬೆಸುಗೆ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಾರೆ. ಓಡಲು ಅಡ್ಡಿಯಾದದ್ದನ್ನು ಮಾತ್ರ ಬದಲಿಸುತ್ತಾರೆ, ತೆಗೆದ ಭಾಗಕ್ಕೆ ಚೀಟಿ ಕಟ್ಟಿ ಎತ್ತಿಡುತ್ತಾರೆ. ಆ ಅವಸರದ ಬೆಸುಗೆಯನ್ನು ಉಜ್ಜಿ ನುಣುಪು ಮಾಡಿಬಿಟ್ಟರೆ, ಆ ಗಾಡಿ ಒಂದು ದಿನ ಓಟದ ನಡುವೆ ಮುರಿದು, ಮತ್ತೆ ಎದ್ದು ಓಡಿತ್ತೆಂದು ಹೇಳಲು ಬೇರೆ ಯಾವ ಸಾಕ್ಷಿಯೂ ಉಳಿಯುವುದಿಲ್ಲ.