ಒಣ ನೆಲದಲ್ಲಿ ಜಿಂಕೆಗಳಿಗೆ ಮೇವು: ಬಿತ್ತನೆಗೆ ಮೊದಲು ಮಾಡಬೇಕಾದ್ದೇನು?

ಮುಂಗಾರು ಬಿತ್ತನೆ ಮುಗಿದು ಪೈರು ಮೊಳಕೆಯೊಡೆಯುತ್ತಿದ್ದಂತೆ ಗದಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ರೈತರಿಂದ ದೂರುಗಳು ಕೇಳಿಬರುತ್ತವೆ. ಕೃಷ್ಣಮೃಗಗಳ ಹಿಂಡು ಎಳೆ ಪೈರನ್ನು ಮೇಯ್ದು ಹೋಯಿತು ಎಂಬುದೇ ಆ ದೂರು. ಹೊಲಕ್ಕೆ ಬರುವ ಜಿಂಕೆಗಳಿಗಾಗಿ ಬೇರೆಡೆ ಮೇವು ಬೆಳೆಸಬಾರದೇ ಎಂಬ ಪ್ರಶ್ನೆ ಇದರೊಂದಿಗೇ ಹುಟ್ಟುತ್ತದೆ. ಬೆಳೆಸಲು ಸಾಧ್ಯವಿದೆ. ಆದರೆ ಕಲ್ಲು, ಇಳಿಜಾರು, ಅಲ್ಪ ಮಳೆಯ ನೆಲದಲ್ಲಿ ಬೀಜ ಬಿತ್ತುವುದು ಮೊದಲ ಕೆಲಸವಲ್ಲ, ಕೊನೆಯ ಕೆಲಸ. ಕರ್ನಾಟಕದ ಅನುಭವ ಹೇಳುವುದು ಇದನ್ನೇ.

ಯಾವ ಜಿಂಕೆ, ಯಾವ ಮೇವು?

ಜನಬಳಕೆಯಲ್ಲಿ ಚುಕ್ಕೆ ಜಿಂಕೆ, ಕೃಷ್ಣಮೃಗ, ಚಿಂಕಾರ ಎಲ್ಲವೂ ಜಿಂಕೆಗಳೇ. ಪ್ರಾಣಿಶಾಸ್ತ್ರದ ಪ್ರಕಾರ ಇವುಗಳಲ್ಲಿ ನಿಜವಾದ ಜಿಂಕೆ ಚುಕ್ಕೆ ಜಿಂಕೆ ಮಾತ್ರ. ಅದರ ಗಂಡಿನ ಕವಲುಗೊಂಬು ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗ ಮತ್ತು ಚಿಂಕಾರದ ಕೊಂಬುಗಳು ಉದುರುವುದಿಲ್ಲ; ಅವು ದನ, ಆಡುಗಳ ಕುಟುಂಬಕ್ಕೆ ಸೇರಿದವು.

ಈ ವ್ಯತ್ಯಾಸ ಮೇವಿನಲ್ಲೂ ಇದೆ. ಚುಕ್ಕೆ ಜಿಂಕೆ ಕಾಡಂಚಿನಲ್ಲಿ ಹುಲ್ಲು, ಚಿಗುರು, ಉದುರಿದ ಹಣ್ಣು ತಿನ್ನುತ್ತದೆ. ಕೃಷ್ಣಮೃಗ ಮುಖ್ಯವಾಗಿ ಹುಲ್ಲು ಮೇಯುವ ಪ್ರಾಣಿ. ದೂರದವರೆಗೆ ಕಣ್ಣು ಹಾಯುವ ಬಯಲೇ ಅದಕ್ಕೆ ರಕ್ಷಣೆ. ಚಿಂಕಾರ ಕುರುಚಲು ಕಾಡಿನಲ್ಲಿ ಸೊಪ್ಪು, ಎಲಚಿಯಂಥ ಹಣ್ಣು ತಿಂದು, ಆಹಾರದಲ್ಲಿರುವ ತೇವಾಂಶದಿಂದಲೇ ನೀರಿಲ್ಲದೆ ಬಹುಕಾಲ ಬದುಕಬಲ್ಲದು. ಹೀಗಾಗಿ ಒಂದಕ್ಕೆ ಹೊಂದುವ ಮೇವಿನ ತಾಕು ಇನ್ನೊಂದಕ್ಕೆ ಹೊಂದದು.

ಕರ್ನಾಟಕದ ಮೂರು ನೆಲೆಗಳು

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು. ಇದರ ವಿಸ್ತೀರ್ಣ 119 ಚದರ ಕಿ.ಮೀ. ಬಹುಭಾಗದಲ್ಲಿ ಬೆಳೆದಿರುವುದು ಮಾತ್ರ ಹುಲ್ಲಲ್ಲ, ನೀಲಗಿರಿ.

ಬೆಂಗಳೂರಿನ ಯಲಹಂಕದಿಂದ ದೊಡ್ಡಬಳ್ಳಾಪುರ, ಗೌರಿಬಿದನೂರು ಮಾರ್ಗವಾಗಿ ಉತ್ತರಕ್ಕೆ ಸಾಗಿದರೆ ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿ ಸಿಗುತ್ತದೆ. ಇಲ್ಲಿನ 798 ಎಕರೆ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಈ ಬಯಲಿನ ನಡುವೆಯೂ ನೀಲಗಿರಿ ತೋಪುಗಳಿವೆ. ಸುತ್ತಲೂ ಹೊಲಗಳಿವೆ.

ಶಿರಾ ಭಾಗದ ಬುಕ್ಕಾಪಟ್ಟಣದ ಕುರುಚಲು ಗುಡ್ಡಗಳನ್ನು 2019ರಲ್ಲಿ ಚಿಂಕಾರ ಅಭಯಾರಣ್ಯವೆಂದು ಘೋಷಿಸಲಾಯಿತು. ಹೊರನೋಟಕ್ಕೆ ಬಂಜರಾಗಿ ಕಾಣುವ ಈ ಕಲ್ಲುಗುಡ್ಡಗಳೇ ಚಿಂಕಾರದ ಮೇವಿನ ಕಣಜ.

ಮೊದಲು ತೆಗೆಯುವುದು

ಹುಲ್ಲುಗಾವಲಿನಲ್ಲಿ ನೆಟ್ಟ ಮರ ಮೇವನ್ನು ಎರಡು ಬಗೆಯಲ್ಲಿ ಕಡಿಮೆ ಮಾಡುತ್ತದೆ. ನೆರಳಿನಿಂದ ಬಿಸಿಲು ಬೇಡುವ ಹುಲ್ಲು ಸೊರಗುತ್ತದೆ; ಬೇರಿನಿಂದ ಮೇಲ್ಮಣ್ಣಿನ ತೇವ ಬತ್ತುತ್ತದೆ. ನೀಲಗಿರಿಯನ್ನು ಬರಿದೇ ಕಡಿದರೆ ಬುಡದಿಂದ ಮತ್ತೆ ಚಿಗುರುವುದರಿಂದ ಬೊಡ್ಡೆಯನ್ನೂ ತೆಗೆಯಬೇಕಾಗುತ್ತದೆ.

ಬಳ್ಳಾರಿ ಜಾಲಿಯ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಬೇಸಿಗೆಯಲ್ಲಿ ಅದರ ಸಿಹಿ ಕಾಯಿಗಳನ್ನು ಕೃಷ್ಣಮೃಗಗಳು ತಿನ್ನುತ್ತವೆ. ಜೀರ್ಣವಾಗದ ಬೀಜಗಳು ಹಿಕ್ಕೆಯ ಮೂಲಕ ಬಯಲಿನಲ್ಲಿ ಹರಡಿ ಮೊಳೆಯುತ್ತವೆ. ಗುಜರಾತಿನ ವೇಳಾವದರ್ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನದಲ್ಲಿಯೂ ಇದು ಕಂಡುಬಂದಿದೆ. ಇಂದಿನ ಮೇವು ನಾಳೆಯ ಹುಲ್ಲುಗಾವಲನ್ನು ನುಂಗುವ ಪರಿ ಇದು.

ನಂತರ ತಡೆಯುವುದು

ಇಳಿಜಾರಿನಲ್ಲಿ ಟ್ರ್ಯಾಕ್ಟರಿನಿಂದ ಇಡೀ ನೆಲ ಉಳುವುದು ಸಲ್ಲದು. ತೆಳುವಾದ ಮೇಲ್ಮಣ್ಣು ಮೊದಲ ಬಿರುಮಳೆಗೇ ಕೊಚ್ಚಿಹೋಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಸಣ್ಣ ಸಾಲುಗಳನ್ನು ತೆಗೆದು ಕಲ್ಲಿನ ಬದು ಹಾಕಿದರೆ ನೀರು, ಮಣ್ಣು, ಹುಲ್ಲಿನ ಬೀಜ ಮೂರೂ ಅಲ್ಲೇ ನಿಲ್ಲುತ್ತವೆ. ಒಂದೆರಡು ಮಳೆಗಾಲ ದನಕುರಿಗಳ ಮೇವಿಗೆ ಬಿಡುವು ಕೊಟ್ಟರೆ ಬೇರು ಜೀವಂತವಿರುವ ಕಡೆ ಗರಿಕೆ ಮೊದಲಾದ ಹುಲ್ಲುಗಳು ತಾವಾಗಿಯೇ ಮರಳುತ್ತವೆ. ಮುಳ್ಳುತಂತಿ ಬೇಲಿ ಓಡುವ ಪ್ರಾಣಿಗಳಿಗೆ ಅಪಾಯಕಾರಿ. ಬೀದಿನಾಯಿಗಳ ಕಾಟವಿದ್ದರೆ ಎಷ್ಟು ಮೇವಿದ್ದರೂ ಹಿಂಡು ನಿಲ್ಲದು.

ಹಳೆಯ ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳಲ್ಲಿ ಈ ಬಿಡುವಿನ ಪದ್ಧತಿ ಇತ್ತು. ಮಳೆಗಾಲ, ಚಳಿಗಾಲ, ಬೇಸಿಗೆಗಳಿಗೆ ಬೇರೆಬೇರೆ ಕಾವಲುಗಳನ್ನು ಗೊತ್ತುಮಾಡಿ ರಾಸುಗಳನ್ನು ಸರದಿಯಂತೆ ಹೊಡೆದೊಯ್ಯುತ್ತಿದ್ದರು. ಯಲಹಂಕ ಸಮೀಪದ ಜಾರಕಬಂಡೆ ಕಾವಲಿನಂಥ ಹೆಸರುಗಳಲ್ಲಿ ‘ಕಾವಲು’ ಎಂಬ ಪದ ಇಂದಿಗೂ ಉಳಿದಿದೆ.

ಕೊನೆಗೆ ಬಿತ್ತನೆ

ಬಿಡುವು ಕೊಟ್ಟರೂ ಹುಲ್ಲು ಮರಳದ ಬರಿನೆಲಕ್ಕೆ ಮಾತ್ರ ಬಿತ್ತನೆ ಸೂಕ್ತ. ಗಮನಿಸಬೇಕಾದ ಅಂಶಗಳು ಹೀಗಿವೆ:

* ಭಾರತದ ಒಣನಾಡುಗಳಲ್ಲಿ ಸಹಜವಾಗಿ ಬೆಳೆಯುವ ಅಂಜನ್ ಹುಲ್ಲು ಬರ ತಾಳಿಕೊಳ್ಳುತ್ತದೆ. ಹೆಕ್ಟೇರಿಗೆ 6ರಿಂದ 8 ಕಿಲೋ ಬೀಜ ಸಾಕು. ಹೊಸ ಬೀಜ ಸರಿಯಾಗಿ ಮೊಳೆಯದ ಕಾರಣ ಕೆಲವು ತಿಂಗಳು ಇಟ್ಟು ಬಿತ್ತಬೇಕು.

* ಬೀಜ ಬಹಳ ಹಗುರ. ಗಾಳಿಗೆ ಹಾರದಂತೆ ಒದ್ದೆ ಮಣ್ಣಿನಲ್ಲಿ ಕಲಸಿ, ಮುಂಗಾರಿನ ಆರಂಭದಲ್ಲಿ ಮೇಲುಮೇಲೆ ಬಿತ್ತಬೇಕು. ಆಳಕ್ಕೆ ಹೋದರೆ ಮೊಳಕೆ ಬಾರದು.

* ದ್ವಿದಳ ಮೇವಾದ ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ನಾಲ್ಕು ನಿಮಿಷ ಅದ್ದಿ, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ಬಿತ್ತುವುದು ರೂಢಿ. ಆದರೆ ಇದು ದಕ್ಷಿಣ ಅಮೆರಿಕ ಮೂಲದ ಗಿಡ. ದನಗಳ ಗೋಮಾಳಕ್ಕೆ ಸರಿ, ವನ್ಯಜೀವಿ ನೆಲೆಗೆ ಸ್ಥಳೀಯ ಹುಲ್ಲೇ ಲೇಸು.

* ಎಲ್ಲ ಹುಲ್ಲೂ ಒಂದೇ ಎತ್ತರದಲ್ಲಿರಬಾರದು. ಮೇಯಲು ಗಿಡ್ಡ ಹುಲ್ಲು ಬೇಕು, ಮರಿ ಅಡಗಿಸಲು ಎತ್ತರದ ಹುಲ್ಲು ಬೇಕು.

* ಮೇವಿನ ತಾಕು ಹೊಲಗಳಿಂದ ದೂರವಿರಬೇಕು. ಹೊಲದ ಬದಿಯಲ್ಲೇ ಇದ್ದರೆ ಹಿಂಡನ್ನು ಬೆಳೆಗೆ ಕರೆದಂತಾಗುತ್ತದೆ.

ಅಮೆರಿಕದಲ್ಲಿ ಬೇಟೆಗಾರರು ಜಿಂಕೆಗಳನ್ನು ಸೆಳೆಯಲೆಂದೇ ಇಂಥ ತಾಕುಗಳಲ್ಲಿ ಕ್ಲೋವರ್, ಓಟ್ಸ್ ಬೆಳೆಯುತ್ತಾರೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಕೃಷ್ಣಮೃಗ, ಚಿಂಕಾರಗಳನ್ನು ಬೇಟೆಯಾಡುವುದು ಅಪರಾಧ. ಅರಣ್ಯ ಭೂಮಿಯಲ್ಲಿ ಗಿಡ ಕೀಳುವುದಾಗಲಿ, ಬಿತ್ತುವುದಾಗಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ನಡೆಯುವಂತಿಲ್ಲ. ಪ್ರವಾಸಿಗರು ದಯೆಯಿಂದ ಎಸೆಯುವ ಬಿಸ್ಕತ್ತು, ಧಾನ್ಯಗಳೂ ಹಾನಿಕರ. ಮೆಲುಕು ಹಾಕುವ ಪ್ರಾಣಿ ಒಮ್ಮೆಲೇ ಹೆಚ್ಚು ಧಾನ್ಯ ತಿಂದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಸಾಯಲೂಬಹುದು.

ನಗರದ ಬಾಗಿಲಲ್ಲೇ ಒಂದು ಹುಲ್ಲುಗಾವಲು

ಹುಲ್ಲುಗಾವಲನ್ನು ‘ಬೀಳು’ ಎಂದು ಎಣಿಸುವ ರೂಢಿಗೆ ಉತ್ತರ ಬೆಂಗಳೂರಿನ ಹೆಸರಘಟ್ಟವೂ ಹೊರತಲ್ಲ. ಇದನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರ ಜನವರಿಯಲ್ಲಿ ತಿರಸ್ಕರಿಸಿತ್ತು. 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ 5,678 ಎಕರೆ ವ್ಯಾಪ್ತಿಯ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಸರ್ಕಾರಿ ಭೂಮಿಯನ್ನು ಸ್ಥಳೀಯರೊಂದಿಗೆ ಸಮಾಲೋಚಿಸಿ ರಕ್ಷಿಸಲು ಅವಕಾಶ ನೀಡುವ ಈ ವರ್ಗವನ್ನು 2002ರ ತಿದ್ದುಪಡಿಯಲ್ಲಿ ಕಾಯ್ದೆಗೆ ಸೇರಿಸಲಾಗಿದೆ. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳಿಗೂ ಸ್ಥಾನವಿದೆ.

ಹೊಸದಾಗಿ ಮೇವಿನ ತಾಕು ನಿರ್ಮಿಸಲು ಬೀಜ, ಕೂಲಿ, ಕಾವಲು, ಹಲವು ಮಳೆಗಾಲಗಳು ಬೇಕು. ಇರುವ ಹುಲ್ಲುಗಾವಲನ್ನು ಉಳಿಸಿಕೊಳ್ಳಲು ಬೇಕಾದುದು, ಅಲ್ಲಿ ಗಿಡ ನೆಡದಿರುವ ಮತ್ತು ಅದನ್ನು ಬೇರೆ ಉದ್ದೇಶಕ್ಕೆ ಕೊಡದಿರುವ ನಿರ್ಧಾರ. ಮೇಯಲು ಬಯಲು ಉಳಿದಷ್ಟೂ ರೈತನ ಹೊಲದ ಮೇಲಿನ ಒತ್ತಡ ಕಡಿಮೆಯಾಗುತ್ತದೆ.